ಸ್ನಾನದ ತೊಟ್ಟಿಗೆ ಬೇಲಿ ಹಾಕಿಸಿದ ಮಹನೀಯರಿಗೆ

ಲಿಟಲ್ ಮಾರ್‌ಬ್ರುಕ್, ಹೆರಿಫರ್ಡ್‌ಶೈರ್
ಅಕ್ಟೋಬರ್ ಒಂಬತ್ತು, ಬುಧವಾರ

ಶ್ರೀಯುತ ಜೂಲಿಯನ್ ಹ್ಯಾಥರ್‌ಲಿ ಅವರಿಗೆ,
ಪರಿಸರ ಸಂರಕ್ಷಣಾಧಿಕಾರಿಗಳು, ಕಣಿವೆಯ ನೀರಿನ ಕೊಳವೆ ಯೋಜನೆ

ಮಾನ್ಯರೇ,

ತಾವೂ, ತಮ್ಮ ಕಚೇರಿಯೂ, ಕಚೇರಿಯ ಗೋಡೆಯ ಮೇಲಿರುವ ಆ ದೊಡ್ಡ ನಕ್ಷೆಯೂ ಕ್ಷೇಮವಾಗಿರುವಿರೆಂದು ನಂಬಿ, ನಮ್ಮೂರಿನ ನೂರಾ ಎಂಬತ್ತು ಜನರ ಪರವಾಗಿಯೂ, ಮಾತು ಬಾರದ ಇನ್ನೊಬ್ಬರ ಪರವಾಗಿಯೂ ತಮಗೆ ವಂದನೆಗಳನ್ನು ಅರ್ಪಿಸುತ್ತಾ ಈ ಪತ್ರವನ್ನು ಆರಂಭಿಸುತ್ತೇನೆ. ಇದನ್ನು ತಮಗೆ ಮಾತ್ರ ಕಳುಹಿಸಿ ಸುಮ್ಮನಾಗದೆ ಜಿಲ್ಲೆಯ ವಾರಪತ್ರಿಕೆಗೂ ಕೊಟ್ಟಿದ್ದೇನೆ, ಚರ್ಚಿನ ಫಲಕಕ್ಕೂ ಬಸ್ ನಿಲ್ದಾಣದ ಗಾಜಿಗೂ ಅಂಟಿಸಿದ್ದೇನೆ. ತಮ್ಮಂಥವರ ಗುಣಗಾನವನ್ನು ಲಕೋಟೆಯೊಳಗೆ ಮುಚ್ಚಿಡುವುದು ನನಗೆ ಸರಿಕಾಣಲಿಲ್ಲ.

ಮೊದಲು ಬೇಲಿಯ ವಿಚಾರ. ವಿಲ್ಫ್ ಪ್ರೀಸ್ ಅವರ ಹೊಲದ ಅಂಚಿನಲ್ಲಿ, ಸಾರ್ವಜನಿಕರ ಕಾಲುದಾರಿಯ ಬದಿಗೆ, ತುರಿಕೆ ಗಿಡಗಳು ಎದೆಯೆತ್ತರ ಬೆಳೆದ ಒಂದು ಮೂಲೆಯಿದೆ. ಅದರ ನಡುವೆ ಒಂದು ಹಳೆಯ ಸ್ನಾನದ ತೊಟ್ಟಿ ಬಿದ್ದಿದೆ. ಅದು ವಿಲ್ಫ್ ಅವರ ತಾಯಿಯ ಕಾಲದಲ್ಲಿ ಮನೆಯಿಂದ ಹೊರಬಿದ್ದು, ಕುರಿಗಳಿಗೆ ನೀರುಣಿಸುವ ಕೆಲಸಕ್ಕೆ ಸೇರಿ, ತಳ ತೂತಾದ ಮೇಲೆ ಆ ಕೆಲಸದಿಂದಲೂ ನಿವೃತ್ತವಾದದ್ದು. ತಾವು ಕಳೆದ ತಿಂಗಳು ಈ ತೊಟ್ಟಿಯನ್ನು ನಡುಬಿಂದುವಾಗಿಟ್ಟುಕೊಂಡು, ಅದರಿಂದ ಇಪ್ಪತ್ತೆರಡು ಮೀಟರ್ ದೂರದಲ್ಲಿ, ಶಾಲೆಯ ಮಕ್ಕಳಿಗೆ ಮಾದರಿಯಾಗಿ ತೋರಿಸಬಹುದಾದಷ್ಟು ಅಚ್ಚುಕಟ್ಟಾದ ವೃತ್ತದಲ್ಲಿ ಕಿತ್ತಳೆ ಬಣ್ಣದ ಬೇಲಿ ಹಾಕಿಸಿ, ನಾಲ್ಕು ದಿಕ್ಕಿಗೂ ‘ಪ್ರಾಚೀನ ಮರ. ಬೇರುಗಳ ರಕ್ಷಣಾ ವಲಯ. ಒಳಗೆ ಪ್ರವೇಶವಿಲ್ಲ’ ಎಂಬ ಫಲಕಗಳನ್ನು ನಿಲ್ಲಿಸಿದ್ದೀರಿ. ಒಳಗೆ ಮರವಿಲ್ಲ ಎಂಬ ಒಂದೇ ಒಂದು ಕೊರತೆಯನ್ನು ಬಿಟ್ಟರೆ ಇಂಥ ಬೇಲಿಯನ್ನು ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ. ತುರಿಕೆ ಗಿಡಗಳಂತೂ ಈ ಅನಿರೀಕ್ಷಿತ ಗೌರವದಿಂದ ಉಬ್ಬಿ, ಈಗ ಭುಜದೆತ್ತರಕ್ಕೆ ಬಂದಿವೆ.

ನನ್ನ ಪರಿಚಯ ತಮಗಿದೆಯೋ ಇಲ್ಲವೋ ತಿಳಿಯದು. ದೂರವಾಣಿಯಲ್ಲಿ ತಾವು ನನ್ನನ್ನು ಎರಡು ಸಲ ‘ಮಿಸೆಸ್ ಪಾರ್ಸನ್ಸ್’ ಎಂದೂ ಒಂದು ಸಲ ‘ಸಾರ್ವಜನಿಕರು’ ಎಂದೂ ಕರೆದಿರಿ. ನಾನು ಬೆರಿಲ್ ಪ್ರಾಸರ್. ವಯಸ್ಸು ಎಪ್ಪತ್ತಮೂರು. ಈ ಕಣಿವೆಯಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿದವಳು. ನಿವೃತ್ತಳಾದ ಮೇಲೂ ಕಾಲುಗಳು ನಡೆಯುವ ಚಟ ಬಿಡಲೊಪ್ಪದ್ದರಿಂದ, ಹನ್ನೊಂದು ವರ್ಷಗಳಿಂದ ಹಿರಿಯ ಮರಗಳ ದಾಖಲೆಗೆ ಸ್ವಯಂಸೇವಕಿಯಾಗಿ ದುಡಿಯುತ್ತಿದ್ದೇನೆ, ಮತ್ತು ಇಂದಿನವರೆಗೆ ನಾನೂರಾ ಹನ್ನೆರಡು ಮರಗಳನ್ನು ಅಳೆದು, ವರ್ಣಿಸಿ, ನಕ್ಷೆಯ ಮೇಲೆ ಒಂದೊಂದಕ್ಕೂ ಒಂದೊಂದು ಚುಕ್ಕೆ ಇಟ್ಟಿದ್ದೇನೆ.

ಕೆಲಸವೇನೂ ಕಠಿಣವಾದದ್ದಲ್ಲ. ಜಮೀನಿನ ಒಡೆಯರ ಬಾಗಿಲು ತಟ್ಟಿ ಒಪ್ಪಿಗೆ ಕೇಳಬೇಕು, ಅವರು ಕೊಟ್ಟ ಚಹಾ ಎಷ್ಟೇ ತೆಳುವಾಗಿದ್ದರೂ ಕುಡಿಯಬೇಕು, ನಾಯಿ ಕಚ್ಚುವುದಿಲ್ಲ ಎಂದರೆ ನಂಬಬೇಕು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತಬೇಕು. ಮರ ‘ಪ್ರಾಚೀನ’ವೋ, ‘ಹಿರಿಯ’ದೋ, ಬರೀ ‘ಗಮನಾರ್ಹ’ವೋ ಎಂದು ಆಮೇಲೆ ತೀರ್ಮಾನಿಸಬೇಕು. ಟೊಳ್ಳು, ಬಿರುಕು, ಒಣಗಿದ ಕೊಂಬೆ, ಮೈಮೇಲೆದ್ದ ಅಣಬೆ, ಪೊಟರೆಯಲ್ಲಿ ಬಾವಲಿ: ನಮ್ಮ ವೈದ್ಯರು ನನ್ನ ವಯಸ್ಸಿನವರಲ್ಲಿ ಏನನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಾರೋ ಅದೆಲ್ಲವೂ ಮರಗಳಿಗೆ ಅಂಕ ತಂದುಕೊಡುತ್ತದೆ. ಈ ಒಂದು ಕಾರಣಕ್ಕೇ ಈ ಕೆಲಸ ನನಗೆ ಅಚ್ಚುಮೆಚ್ಚು.

ಟೇಪಿನ ಇನ್ನೊಂದು ತುದಿ ಹಿಡಿಯುವವರು ಡೆಸ್ಮಂಡ್ ಯಾಪ್. ಅವರು ಹಿಂದೆ ಸುತ್ತಮುತ್ತಲ ಚರ್ಚುಗಳ ಆರ್ಗನ್ ವಾದ್ಯಗಳಿಗೆ ಶ್ರುತಿ ಕೂಡಿಸುತ್ತಿದ್ದವರು. ಟೊಳ್ಳು ಕಾಂಡವನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಆಲಿಸಿ, ‘ಇದಿನ್ನೂ ಹಾಡ್ತಿದೆ ಬೆರಿಲ್, ಬರ್ಕೋ’ ಎನ್ನುವುದು ಅವರ ವಾಡಿಕೆ. ನಮ್ಮ ಭಾಗದ ದಾಖಲೆಗಳನ್ನು ನೋಡಿ ‘ಪರಿಶೀಲಿಸಲಾಗಿದೆ’ ಎಂದು ರುಜು ಹಾಕುವ ಅಧಿಕಾರವೂ ಅವರದೇ. ಹಾಗಾಗಿ ಅವರ ಕೋಟಿನ ಮೇಲೆ ಒಂದು ಬ್ಯಾಡ್ಜು ಇದೆ, ನನ್ನ ಕೋಟಿನ ಮೇಲೆ ಇಲ್ಲ. ಇದನ್ನು ನಾನು ಹನ್ನೊಂದು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಇನ್ನು ಮರದ ವಿಚಾರ. ತೊಟ್ಟಿಯಿಂದ ಅರವತ್ತು ಹೆಜ್ಜೆ ಪೂರ್ವಕ್ಕೆ, ತಂತಿಯಾಚೆ, ವಿಲ್ಫ್ ಅವರ ಹೊಲದ ನಡುವೆ ಒಂದು ಪಿಯರ್ ಮರ ನಿಂತಿದೆ. ಪೆರಿ ಎಂಬ ಮದ್ಯಕ್ಕೆಂದು ನಮ್ಮ ಹಿರಿಯರು ನೆಟ್ಟ ಜಾತಿ. ಡೆಸ್ಮಂಡ್ ಅವರ ಅಂದಾಜಿನಲ್ಲಿ ಮುನ್ನೂರು ವರ್ಷ. ವಿಲ್ಫ್ ಅವರನ್ನು ಕೇಳಿದರೆ ‘ಮೊದಲಿಂದ್ಲೂ ಇದೆ’ ಎನ್ನುತ್ತಾರೆ. ಸುತ್ತಳತೆ ನಾಲ್ಕು ಮೀಟರ್ ಅರವತ್ತು ಸೆಂಟಿಮೀಟರ್. ಒಂದು ದೊಡ್ಡ ಕೊಂಬೆ ಯಾವ ಕಾಲದಲ್ಲೋ ಬಾಗಿ ನೆಲ ಮುಟ್ಟಿ, ಮೊಣಕೈ ಊರಿ ಕುಳಿತಂತೆ ಕುಳಿತು, ಅಲ್ಲಿಂದ ಮತ್ತೆ ಮೇಲಕ್ಕೆ ಚಿಗುರಿದೆ. ಕಾಂಡ ಪೂರ್ತಿ ಟೊಳ್ಳು; ಮಾರ್ಚ್ ತಿಂಗಳ ಗಾಳಿಯಲ್ಲಿ, ಬಡಕಲು ಮರಿ ಹಾಕಿದ ಕುರಿಯನ್ನು ಮರಿಯ ಸಮೇತ ವಿಲ್ಫ್ ಅದರೊಳಗೆ ಮಲಗಿಸಿ, ಬಾಯಿಗೊಂದು ಚೀಲ ಕಟ್ಟುತ್ತಾರೆ. ಅಲ್ಲಿ ಬದುಕಿಕೊಂಡ ಮರಿಗಳು ಈಗ ಈ ಕಣಿವೆಯ ಅರ್ಧ ಹಿಂಡಿಗೆ ಅಜ್ಜಿಯರಾಗಿವೆ.

ಆರು ವರ್ಷದ ಹಿಂದೆ ಇದನ್ನು ಅಳೆಯಲು ಒಪ್ಪಿಗೆ ಕೇಳಿದಾಗ ವಿಲ್ಫ್ ಗೇಟಿನ ಮೇಲೆ ಮೊಣಕೈ ಊರಿ, ನನ್ನನ್ನು ಆಚೆಯೇ ನಿಲ್ಲಿಸಿಕೊಂಡು, ‘ಮರಕ್ಕೂ ವಯಸ್ಸಾಗಿದೆ, ನನಗೂ ವಯಸ್ಸಾಗಿದೆ. ಇಬ್ಬರಿಗೂ ನೆಂಟರು ಬೇಡ. ಅಳತೆ ಬೇಕಾದ್ರೆ ತಗೋ. ಆದ್ರೆ ನಾಳೆ ಕ್ಯಾಮೆರಾ ನೇತಾಕ್ಕೊಂಡು, ನಾಯಿ ಬಿಟ್ಕೊಂಡು, ಗೇಟು ಹಾರೊಡೆದು ಹೋಗೋನು ಒಬ್ಬ ಬಂದ್ರೂ ಆಮೇಲೆ ನಿನಗೂ ಈ ಗೇಟು ತೆರೆಯೋದಿಲ್ಲ’ ಎಂದರು. ದಾಖಲೆಯ ನಿಯಮ ಹೇಳುವುದು, ಚುಕ್ಕೆ ಮರ ಇರುವಲ್ಲೇ ಇರಬೇಕೆಂದು. ವಿಲ್ಫ್ ಹೇಳುವುದು, ಮರ ಎಲ್ಲಿದೆಯೆಂದು ಯಾರಿಗೂ ಗೊತ್ತಾಗಬಾರದೆಂದು. ಇಬ್ಬರಿಗೂ ಮುಖದ ಮೇಲೆ ಇಲ್ಲವೆನ್ನುವ ಎದೆಗಾರಿಕೆ ನನಗಿರಲಿಲ್ಲ. ನಮ್ಮ ಕಡೆ ಜನ ಎದುರಾಡುವ ಮುಜುಗರ ತಪ್ಪಿಸಿಕೊಳ್ಳಲು ಊರನ್ನೇ ಬಳಸಿ ನಡೆಯುತ್ತಾರೆ. ಜಾಗವನ್ನು ಗುಟ್ಟಾಗಿಡಿ ಎಂದು ಕೇಳಿಕೊಳ್ಳಲು ಅರ್ಜಿಯಲ್ಲಿ ಒಂದು ಚೌಕವೇನೋ ಇತ್ತು. ಆದರೆ ‘ಗುಟ್ಟು’ ಎಂದು ಮೇಲೆ ಬರೆದ ಲಕೋಟೆಗಳನ್ನೇ ಜನ ಮೊದಲು ಬೆಳಕಿಗೆ ಹಿಡಿದು ನೋಡುವುದನ್ನು ಮೂವತ್ತೊಂದು ವರ್ಷ ಕಂಡವಳು ನಾನು. ಆದ್ದರಿಂದ ಮರದ ಅಳತೆ, ಜಾತಿ, ಟೊಳ್ಳು, ಅಣಬೆ ಎಲ್ಲವನ್ನೂ ಸತ್ಯವಾಗಿ ಬರೆದು, ಚುಕ್ಕೆಯನ್ನು ಮಾತ್ರ ಅರವತ್ತು ಹೆಜ್ಜೆ ಪಶ್ಚಿಮಕ್ಕೆ ಸರಿಸಿ, ತುರಿಕೆ ಗಿಡಗಳ ನಡುವೆ ತೊಟ್ಟಿಯ ಮೇಲೆ ಇಟ್ಟೆ. ಒಂದು ಪತ್ರವನ್ನೂ ತಪ್ಪು ಬಾಗಿಲಿಗೆ ಹಾಕದವಳು ಒಂದು ಇಡೀ ಮರವನ್ನೇ ತಪ್ಪು ವಿಳಾಸಕ್ಕೆ ಹಾಕಿದೆ.

ಡೆಸ್ಮಂಡ್ ಅದನ್ನು ಕಂಡರು. ಕಂಡೂ ರುಜು ಹಾಕಿದರು. ‘ನಾನು ಮರವನ್ನ ಪರಿಶೀಲಿಸಿದೀನಿ, ಬೆರಿಲ್. ಜಾಗವನ್ನ ನೀನು ನೋಡ್ಕೊಂಡಿದೀಯ’ ಎಂದರು.

ಈ ಉಪಾಯ ಎಷ್ಟು ಚೆನ್ನಾಗಿ ಫಲಿಸಿತೆಂದರೆ, ಆರು ವರ್ಷಗಳಲ್ಲಿ ಒಟ್ಟು ಒಂಬತ್ತು ಜನ ಈ ಮರವನ್ನು ಹುಡುಕಿಕೊಂಡು ಬಂದರು. ಒಂಬತ್ತು ಜನರೂ ಕೈಯಲ್ಲಿ ನಕ್ಷೆ ಹಿಡಿದು ನೇರ ತೊಟ್ಟಿಯ ಬಳಿ ಹೋಗಿ ನಿಂತರು. ಅರವತ್ತು ಹೆಜ್ಜೆ ಆಚೆ ಮೂರಾಳೆತ್ತರದ ಕಾಂಡವೊಂದು ಮೊಣಕೈ ಊರಿಕೊಂಡು ತಮ್ಮನ್ನೇ ನೋಡುತ್ತಿದ್ದರೂ ಅತ್ತ ತಿರುಗದೆ, ತುರಿಕೆ ಗಿಡಗಳನ್ನು ಸುತ್ತಿ, ತಂದಿದ್ದ ಸ್ಯಾಂಡ್‌ವಿಚ್ ತಿಂದು, ಮರ ಸತ್ತುಹೋಗಿರಬೇಕೆಂದು ಮಾತಾಡಿಕೊಂಡು ಹೊರಟುಹೋದರು. ಒಬ್ಬ ಮಹಾಶಯರು ತೊಟ್ಟಿಯ ಚಿತ್ರವನ್ನೂ ತೆಗೆದುಕೊಂಡರು. ನಾನು ಅಡುಗೆಮನೆಯಲ್ಲಿ ಕುಳಿತು ಇದನ್ನು ಕೇಳಿ ನಕ್ಕಿದ್ದೆ. ಎಷ್ಟು ಜಾಣೆ ನಾನು ಅಂದುಕೊಂಡಿದ್ದೆ.

ಮಾನ್ಯರೇ, ಈಗ ತಮ್ಮ ಪ್ರವೇಶ. ತಮ್ಮ ಯೋಜನೆಯ ಮೊದಲ ನಕ್ಷೆಯಲ್ಲಿ ನೀರಿನ ಕೊಳವೆ ಆ ತುರಿಕೆ ಮೂಲೆಯ ನಟ್ಟನಡುವೆ, ತೊಟ್ಟಿಯ ಕೆಳಗೆ, ಯಾರಿಗೂ ಏನೂ ತೊಂದರೆ ಮಾಡದೆ ನೇರವಾಗಿ ಸಾಗುತ್ತಿತ್ತು. ಆಗ ತಾವು ಹಿರಿಯ ಮರಗಳ ದಾಖಲೆಯನ್ನು ತೆರೆದು ನೋಡಿದಿರಿ. ಎಷ್ಟು ಮಂದಿ ಅಧಿಕಾರಿಗಳು ತೆರೆದು ನೋಡುತ್ತಾರೆ! ಅಲ್ಲಿ ನನ್ನ ಚುಕ್ಕೆ ಕಂಡಿತು. ಪ್ರಾಚೀನ ಪಿಯರ್, ಸುತ್ತಳತೆ ಇಷ್ಟು, ಪರಿಶೀಲಿಸಲಾಗಿದೆ. ತಾವು ಕಾಂಡದ ಅಡ್ಡಳತೆ ಲೆಕ್ಕ ಹಾಕಿ, ನಿಯಮದಂತೆ ಅದರ ಹದಿನೈದು ಪಟ್ಟು ದೂರ ಬಿಟ್ಟು ಬೇಲಿ ಬರೆದಿರಿ. ಅದೂ ಸಾಲದೆಂದು ಗೌರವಾರ್ಥವಾಗಿ ಇನ್ನೂ ಒಂದಿಷ್ಟು ಜಾಗ ಬಿಟ್ಟು, ಎಂಜಿನಿಯರುಗಳ ಜೊತೆ ಜಗಳವಾಡಿ, ಕೊಳವೆಯನ್ನು ಪೂರ್ವಕ್ಕೆ ಬಾಗಿಸಿದಿರಿ. ಎಷ್ಟು ಪೂರ್ವಕ್ಕೆ ಎಂದರೆ ಸರಿಯಾಗಿ ಅರವತ್ತು ಹೆಜ್ಜೆ. ನನ್ನ ಮರದ ಮೇಲಿನ ಗೌರವದಿಂದ ಕೊಳವೆಯನ್ನು ತಂದು ನನ್ನ ಮರದ ಮೇಲೆಯೇ ಇಟ್ಟಿರಿ.

ನಾನು ಆ ದಾಖಲೆಯನ್ನು ಬರೆಯದೇ ಇದ್ದಿದ್ದರೆ ಮರಕ್ಕೆ ಏನೂ ಆಗುತ್ತಿರಲಿಲ್ಲ. ಈ ವಾಕ್ಯವನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು.

ತಮ್ಮ ವರದಿಯನ್ನು ನಾನು ಮೂರು ಸಲ ಓದಿದೆ. ಇಷ್ಟು ಸೊಗಸಾದ ಬರವಣಿಗೆ ನಮ್ಮ ಪಾದ್ರಿಗಳಿಗೂ ಬರುವುದಿಲ್ಲ. ಹದಿನಾಲ್ಕನೆಯ ಪುಟದಲ್ಲಿ ತಾವು ‘ಸ್ಥಳ ಭೇಟಿಯ ಸಮಯದಲ್ಲಿ ಪ್ರಾಚೀನ ಮರವು ಕಂಡುಬರಲಿಲ್ಲವಾದರೂ ಅದರ ಆರೋಗ್ಯ ತೃಪ್ತಿಕರವೆಂದು ಭಾವಿಸಲಾಗಿದೆ’ ಎಂದು ಬರೆದಿದ್ದೀರಿ. ಅದರ ಕೆಳಗೇ, ‘ಸಮೀಪದಲ್ಲಿ ಅಡ್ಡಲಾಗಿ ನಿಂತಿರುವ, ದಾಖಲಾಗದ, ಟೊಳ್ಳಾದ ಒಂದು ಹಳೆಯ ಹಣ್ಣಿನ ಮರದಿಂದಾಗಿ ವೀಕ್ಷಣೆಗೆ ತೊಡಕಾಯಿತು, ಕಾಮಗಾರಿಯ ವೇಳೆ ಅದನ್ನು ತೆರವುಗೊಳಿಸಬಹುದು’ ಎಂದಿದ್ದೀರಿ. ಅಂದರೆ ತಾವು ಅದನ್ನು ಕಂಡಿದ್ದೀರಿ. ಅದರ ಎದುರಿಗೇ ನಿಂತು, ಅದನ್ನು ಕಾಣಲು ಅದೇ ಅಡ್ಡಿಯಾಗಿದೆಯೆಂದು, ಅದರ ಸುತ್ತ ಕತ್ತು ಚಾಚಿ ಅದನ್ನೇ ಹುಡುಕಿದ್ದೀರಿ.

ಕಳೆದ ಶುಕ್ರವಾರ ಯಂತ್ರಗಳು ಬಂದವು ಎಂದು ಕೇಳಿ ನಾನು ಹೊಲಕ್ಕೆ ಹೋದೆ. ವಿಲ್ಫ್ ಅವರ ಒಪ್ಪಿಗೆ ತಮಗೆ ಬೇಕಾಗಿರಲಿಲ್ಲ, ಕಾನೂನಿನಂತೆ ಒಂದು ನೋಟಿಸು ಸಾಕಾಗಿತ್ತು. ಅಲ್ಲಿದ್ದ ಮೇಸ್ತ್ರಿ ಗ್ಯಾರತ್ ಬೆವನ್ ಬೆಟ್ಟದಾಚೆಯ ವೇಲ್ಸಿನವರು, ಒಳ್ಳೆಯ ಮನುಷ್ಯ. ತಮ್ಮ ಫ್ಲಾಸ್ಕಿನ ಚಹಾದಲ್ಲಿ ನನಗೆ ಅರ್ಧ ಕೊಟ್ಟರು. ಈ ಮರವನ್ನು ಕಡಿಯಬಾರದು, ಇದು ಪ್ರಾಚೀನ ಮರ ಎಂದೆ. ‘ಇಲ್ಲ ಮೇಡಂ, ಪ್ರಾಚೀನ ಮರ ಅಲ್ಲಿದೆ’ ಎಂದು ಬೇಲಿಯತ್ತ ಕೈ ತೋರಿಸಿದರು. ಅಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಕೇಳಿದೆ. ‘ಬೇಲಿ’ ಎಂದರು. ಬೇಲಿಯ ಒಳಗೆ? ಅವರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ‘ನೋಡಿ ಮೇಡಂ, ನನ್ನ ಕಣ್ಣಿಗೆ ಏನ್ ಕಾಣುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಹೋದ ವರ್ಷ ನಕ್ಷೇಲಿ ಇಲ್ಲದ ಒಂದು ಕೊಳ ಕಂಡೆ. ಕೆಲಸ ನಿಲ್ಲಿಸಿದೆ. ಕೊಳ ಯಾಕೆ ಕಂಡೆ ಅಂತ ಮೂರು ದಿನ ಕೂತು ವಿವರಣೆ ಬರ್ದಿದೀನಿ. ಅವತ್ತಿಂದ ನಾನು ಏನೂ ಕಾಣೋಕೆ ಹೋಗಿಲ್ಲ’ ಎಂದರು.

ಆಮೇಲೆ ಅವರೇ ಎದ್ದು ಹೋಗಿ ಪಿಯರ್ ಮರದ ಟೊಳ್ಳಿನೊಳಗೆ ತಲೆ ಹಾಕಿದರು. ಹೊರಗೆ ಬಂದಾಗ ಟೋಪಿ ಕೈಯಲ್ಲಿತ್ತು. ‘ಒಳಗೆ ಕುರಿ ಉಣ್ಣೆ ಇದೆ, ಬೆಚ್ಚಗಿದೆ’ ಎಂದು ಮೆಲ್ಲಗೆ ಹೇಳಿದರು. ‘ನಕ್ಷೆ ಬದಲಾಯಿಸ್ಕೊಂಡು ಬನ್ನಿ ಮೇಡಂ. ಬದಲಾದ್ರೆ ಇದಕ್ಕೆ ಕೈ ಹಚ್ಚೋದಿಲ್ಲ. ಇಲ್ಲಾಂದ್ರೆ ಹದಿನೈದನೇ ತಾರೀಖು ಮಂಗಳವಾರ ಬೆಳಿಗ್ಗೆ ಏಳಕ್ಕೆ ನಾನು ಶುರು ಮಾಡಲೇಬೇಕು.’

ಅಂದೇ ನಾನು ತಮಗೆ ಫೋನ್ ಮಾಡಿದೆ. ತಮ್ಮ ತಾಳ್ಮೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ದಾಖಲೆ ತಿದ್ದಲು ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಹನ್ನೆರಡು ವಾರ ಬೇಕು ಎಂದಿರಿ. ಮರ ಮಂಗಳವಾರ ಹೋಗುತ್ತದಲ್ಲ ಎಂದೆ. ‘ಹೌದು, ಮಿಸೆಸ್ ಪಾರ್ಸನ್ಸ್, ಆದ್ರೆ ನಿಮ್ಮ ಅರ್ಜಿ ಎಲ್ಲೂ ಹೋಗಲ್ಲ’ ಎಂದು ಸಮಾಧಾನ ಹೇಳಿದಿರಿ. ಹನ್ನೆರಡು ವಾರದ ಮೇಲೆ ಚುಕ್ಕೆ ಸರಿಯಾದ ಜಾಗಕ್ಕೆ ಬಂದರೆ ಆಗ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಒಂದಿಷ್ಟೂ ತಡವರಿಸದೆ, ‘ಆಗ ಅಲ್ಲಿಗೂ ಬೇಲಿ ಹಾಕಿಸ್ತೀವಿ’ ಎಂದಿರಿ. ಆ ಭರವಸೆಯನ್ನು ಕೇಳಿ ನಾನು ಫೋನನ್ನು ಸ್ವಲ್ಪ ಹೊತ್ತು ಮೇಜಿನ ಮೇಲೆ ಇಡಬೇಕಾಯಿತು.

ಕೊನೆಯಲ್ಲಿ ತಾವು ನನ್ನ ಒಳಿತಿಗಾಗಿ ಇನ್ನೊಂದು ಮಾತನ್ನೂ ಹೇಳಿದಿರಿ. ನಾನು ಬೇಕೆಂದೇ ತಪ್ಪು ಜಾಗ ಕೊಟ್ಟೆನೆಂದು ಲಿಖಿತವಾಗಿ ಒಪ್ಪಿಕೊಂಡರೆ ಮಾತ್ರ ಕೆಲಸ ತಡೆಯುವ ಪ್ರಶ್ನೆಯಾದರೂ ಏಳುತ್ತದೆ. ಆದರೆ ಹಾಗೆ ಒಪ್ಪಿಕೊಂಡರೆ ನನ್ನ ಹೆಸರಿನಲ್ಲಿರುವ ನಾನೂರಾ ಹನ್ನೆರಡು ದಾಖಲೆಗಳ ಪಕ್ಕದಲ್ಲೂ ಹಳದಿ ಬಣ್ಣದ ಪ್ರಶ್ನೆಚಿಹ್ನೆ ಬೀಳುತ್ತದೆ, ಬೇರೆಯವರು ಬಂದು ಮತ್ತೆ ಅಳೆಯುವವರೆಗೆ ಅವು ಯಾವುದೂ ಲೆಕ್ಕಕ್ಕಿಲ್ಲ. ‘ಹನ್ನೊಂದು ವರ್ಷದ ಕೆಲಸ. ಒಂದು ಹಣ್ಣಿನ ಮರಕ್ಕೋಸ್ಕರ. ನೀವು ಯೋಚನೆ ಮಾಡಿ’ ಎಂದಿರಿ. ತಮ್ಮ ದನಿಯಲ್ಲಿ ನಿಜವಾದ ಕನಿಕರವಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಯೋಚನೆ ಮಾಡಿದೆ. ಬಸ್ ನಿಲ್ದಾಣದ ಹಿಂದಿನ ಲಿಂಡನ್ ಮರವನ್ನು ನೆನೆದೆ. ನಾನು ಬರೆದಿಟ್ಟಿದ್ದರಿಂದಲೇ ಅದು ಎರಡು ಸಲ ಗರಗಸದಿಂದ ತಪ್ಪಿಸಿಕೊಂಡಿದೆ. ಗಿರಣಿಯ ಬಳಿಯ ವಿಲೋ, ಚರ್ಚಿನ ಅಂಗಳದ ಯೂ, ಜಡಿಮಳೆಯಲ್ಲಿ ಒಂದಿಡೀ ದಿನ ಮುಳ್ಳುಪೊದೆ ಸವರಿ ಅಳೆದ ಆ ದೈತ್ಯ ಓಕ್. ನನ್ನ ಹೆಸರಿನ ಕೆಳಗೆ ಇರುವುದೆಂದರೆ ಇವಿಷ್ಟೇ. ಮಕ್ಕಳಿಲ್ಲ, ಬ್ಯಾಡ್ಜೂ ಇಲ್ಲ. ಇವುಗಳ ಪಕ್ಕದಲ್ಲೆಲ್ಲ ಹಳದಿ ಕೊಕ್ಕೆ ನೇತಾಡುವುದನ್ನು ನೆನೆದು ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಶನಿವಾರ ಇಡೀ ದಿನ ನಾನು ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡೋಣ ಎಂದೇ ಅಂದುಕೊಂಡಿದ್ದೆ.

ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಬಂದ ಡೆಸ್ಮಂಡ್ ಅವರ ಮುಂದೆ ಎಲ್ಲವನ್ನೂ ಹೇಳಿದೆ. ನನ್ನದು ಹೆಸರು ಹೋಗುತ್ತದೆ, ಅವರದು ಹೆಸರಿನ ಜೊತೆಗೆ ಅಧಿಕಾರವೂ ಹೋಗುತ್ತದೆ. ಅವರು ಕೋಟಿನ ಬ್ಯಾಡ್ಜನ್ನು ಬಿಚ್ಚಿ ನನ್ನ ಸಕ್ಕರೆ ಬಟ್ಟಲಿನ ಪಕ್ಕದಲ್ಲಿಟ್ಟು, ‘ಹೋಗ್ಲಿ ಬಿಡು. ಈ ಪಿನ್ನು ಚುಚ್ಚಿ ಚುಚ್ಚಿ ಕೋಟು ತೂತಾಗಿತ್ತು’ ಎಂದರು. ಆಮೇಲೆ, ‘ಆದ್ರೆ ವಿಲ್ಫ್‌ಗೆ ಕೊಟ್ಟ ಮಾತು ಏನ್ಮಾಡ್ತೀಯ?’ ಎಂದು ಕೇಳಿದರು. ಜಾಗ ಹೇಳದೆ ತಪ್ಪೊಪ್ಪಿಕೊಳ್ಳುವುದು ಹೇಗೆಂದು ನನಗೂ ತಿಳಿಯಲಿಲ್ಲ.

ಅದಕ್ಕೆ ಉತ್ತರ ಮರುದಿನ ತಾನಾಗಿ ನನ್ನ ಬಾಗಿಲಿಗೆ ಬಂತು. ಮೂವತ್ತೊಂದು ವರ್ಷ ನಾನು ವಿಲ್ಫ್ ಅವರ ಗೇಟಿಗೆ ಹೋಗಿದ್ದೇನೆ, ಅವರು ಒಂದು ಸಲವೂ ನನ್ನ ಬಾಗಿಲಿಗೆ ಬಂದವರಲ್ಲ. ಬೂಟು ಕೆಸರಾಗಿದೆಯೆಂದು ಒಳಗೆ ಬರಲೊಪ್ಪದೆ ಮೆಟ್ಟಿಲ ಮೇಲೆ ನಿಂತು ನನ್ನ ಹೂಕುಂಡಗಳನ್ನು ನೋಡುತ್ತಾ, ‘ಯಾರಿಗೂ ಹೇಳ್ಬೇಡ ಅಂದಿದ್ದು ನಾನೇ ಅಲ್ವಾ’ ಎಂದರು. ಹೌದು ವಿಲ್ಫ್ ಎಂದೆ. ‘ಸರಿ. ಈಗ ಹೇಳು. ಎಲ್ಲರಿಗೂ ಹೇಳು. ಕುರೀನೆಲ್ಲ ತಮ್ಮನ ಹೊಲಕ್ಕೆ ಹೊಡ್ದಿದೀನಿ. ಗೇಟನ್ನ ಕೀಲಿನಿಂದ ಕಳಚಿ ಗೋಡೆಗೆ ಒರಗ್ಸಿದೀನಿ’ ಎಂದರು. ಅಷ್ಟು ಹೇಳಿ ಹೊರಟುಹೋದರು. ಒಬ್ಬ ರೈತ ತನ್ನ ಕೈಯಾರೆ ತನ್ನ ಗೇಟನ್ನು ಕಳಚಿಡುವುದೆಂದರೆ ಏನೆಂದು ತಮಗೆ ಹೇಗೆ ತಿಳಿಸಿಕೊಡಲಿ. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಮಾನ್ಯರೇ, ಇಷ್ಟೆಲ್ಲ ಆದ ಮೇಲೆ ತಮ್ಮ ಸನ್ನಿಧಾನದಲ್ಲಿ ಕೆಲವು ವಿನಂತಿಗಳಿವೆ. ಬರುವ ಸೋಮವಾರ ಸಂಜೆಯೊಳಗೆ ಅರವತ್ತು ಹೆಜ್ಜೆ ಪಶ್ಚಿಮಕ್ಕೆ ನಡೆದು ತನಗಾಗಿ ಸಿದ್ಧಪಡಿಸಿರುವ ಬೇಲಿಯೊಳಗೆ ನಿಲ್ಲತಕ್ಕದ್ದು ಎಂದು ಮರಕ್ಕೆ ತಾವೇ ಒಂದು ನೋಟಿಸು ಜಾರಿ ಮಾಡಬಹುದು. ಮುನ್ನೂರು ವರ್ಷದಿಂದ ನಡೆದ ಅಭ್ಯಾಸವಿಲ್ಲದ್ದರಿಂದ ಕೊಂಚ ಕಾಲಾವಕಾಶ ಕೇಳೀತು. ಹನ್ನೆರಡು ವಾರ ಸಾಕೆಂದು ತೋರುತ್ತದೆ. ಅದಾಗದಿದ್ದರೆ ತೊಟ್ಟಿಯನ್ನೇ ಪ್ರಾಚೀನ ಮರವೆಂದು ಘೋಷಿಸಿಬಿಡಿ. ಅದು ಟೊಳ್ಳಾಗಿದೆ, ಬಿರುಕು ಬಿಟ್ಟಿದೆ, ಮೈಯೆಲ್ಲ ಪಾಚಿ, ಒಳಗೆ ಕಪ್ಪೆಗಳ ಒಂದು ಸಂಸಾರವೂ ಇದೆ. ಅರ್ಜಿಯ ಪ್ರಕಾರ ಅದಕ್ಕೆ ನನಗಿಂತಲೂ ಹೆಚ್ಚು ಅಂಕ ಬರುತ್ತದೆ. ಅದೂ ಬೇಡವೆಂದರೆ, ಕೊಳವೆಯನ್ನು ಮೊದಲಿದ್ದಂತೆ ತುರಿಕೆ ಗಿಡಗಳ ನಡುವೆಯೇ ನೇರವಾಗಿ ಒಯ್ಯಿರಿ ಎಂದು ಕೇಳೋಣವೆಂದರೆ ಅಲ್ಲಿ ತಮ್ಮ ರಕ್ಷಣಾ ವಲಯವಿದೆ, ಅಂಥ ಉದ್ಧಟತನದ ಮಾತನ್ನು ನಾನು ಆಡಲಾರೆ. ಕೊನೆಯದು ಇವೆಲ್ಲಕ್ಕಿಂತಲೂ ಅಸಾಧ್ಯವಾದ ವಿನಂತಿ, ತಾವು ಸಿಟ್ಟಾಗಬಾರದು: ಒಮ್ಮೆ ಬಂದು, ನಕ್ಷೆಯನ್ನು ಕಾರಿನಲ್ಲೇ ಬಿಟ್ಟು, ಆ ಮರವನ್ನು ನೋಡಿ.

ನೋಡುವುದರಲ್ಲಿ ತಮಗಿಂತ ನಾನು ಮೇಲೆಂದು ಹೇಳಿಕೊಳ್ಳುವ ಮುಖ ನನಗಿಲ್ಲ. ಮರವನ್ನು ಬಚ್ಚಿಟ್ಟರೆ ಅದು ಉಳಿಯುತ್ತದೆ ಎಂದುಕೊಂಡವಳು ನಾನು. ಈ ಊರಿನಲ್ಲಿ ಹತ್ತು ಜನಕ್ಕಾದರೂ ಅದರ ಗುರುತಿದ್ದಿದ್ದರೆ ತಮ್ಮ ಮೊದಲ ಸಭೆಯಲ್ಲೇ ಯಾರಾದರೂ ಎದ್ದು ನಿಂತು ಹೇಳುತ್ತಿದ್ದರು. ಎಲ್ಲರೂ ಅದರ ಪಕ್ಕದಲ್ಲೇ ನಡೆದುಹೋಗುವಂತೆ ಮಾಡಿದ್ದು ನಾನೇ.

ಆದ್ದರಿಂದ ಲಿಟಲ್ ಮಾರ್‌ಬ್ರುಕ್‌ನ ಬೆರಿಲ್ ಪ್ರಾಸರ್ ಆದ ನಾನು, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ಬರೆದುಕೊಡುವುದೇನೆಂದರೆ: ಪ್ರಾಚೀನ ಪಿಯರ್ ಮರದ ಜಾಗವನ್ನು ನಾನು ಬೇಕೆಂದೇ ತಪ್ಪಾಗಿ ದಾಖಲಿಸಿದ್ದೇನೆ. ನನ್ನ ನಾನೂರಾ ಹನ್ನೆರಡು ದಾಖಲೆಗಳ ಪಕ್ಕದಲ್ಲೂ ತಮ್ಮ ಪ್ರಶ್ನೆಚಿಹ್ನೆಗಳನ್ನು ಧಾರಾಳವಾಗಿ ಹಾಕಿಕೊಳ್ಳಿ. ಮರಗಳು ಅವವುಗಳ ಜಾಗದಲ್ಲೇ ಇವೆ; ಈ ಪತ್ರವನ್ನು ಓದುವ ಯಾರು ಬೇಕಾದರೂ ಟೇಪು ಹಿಡಿದು ಬಂದು ನನ್ನನ್ನು ಪರೀಕ್ಷಿಸಬಹುದು, ಇನ್ನೊಂದು ತುದಿ ಹಿಡಿಯಲು ಡೆಸ್ಮಂಡ್ ಬಿಡುವಾಗಿದ್ದಾರೆ. ಪಿಯರ್ ಮರದ ನಿಜವಾದ ವಿಳಾಸ ಹೀಗಿದೆ. ಚರ್ಚಿನ ಹಿಂದಿನ ಓಣಿಯಲ್ಲಿ ಕಾಲು ಮೈಲಿ ನಡೆಯಿರಿ. ಬಲಕ್ಕೆ, ಗೋಡೆಗೆ ಒರಗಿಸಿಟ್ಟ ಗೇಟು ಕಾಣುತ್ತದೆ. ಒಳಗೆ ಬನ್ನಿ, ಯಾರೂ ಬಯ್ಯುವುದಿಲ್ಲ. ಕಿತ್ತಳೆ ಬಣ್ಣದ ಬೇಲಿಗೆ ಬೆನ್ನು ಮಾಡಿ ನಿಂತರೆ, ತೊಟ್ಟಿಯಿಂದ ಅರವತ್ತು ಹೆಜ್ಜೆ ಪೂರ್ವಕ್ಕೆ, ಅದು ಅಲ್ಲಿರುತ್ತದೆ. ಬರುವ ಮಂಗಳವಾರ ಬೆಳಿಗ್ಗೆ ಏಳು ಗಂಟೆಯ ಒಳಗೆ ಬಂದರೆ ಖಂಡಿತ ಅಲ್ಲಿರುತ್ತದೆ. ಒಳಗೆ ನಾನಿರುತ್ತೇನೆ, ವಿಲ್ಫ್ ಇರುತ್ತಾರೆ. ಮೂರು ಜನಕ್ಕೆ ಜಾಗವಿದೆ, ಉಳಿದವರು ಸುತ್ತಲೂ ನಿಲ್ಲಬೇಕಾಗುತ್ತದೆ.

ನಾನೂರಾ ಹನ್ನೊಂದು ನಿಜಗಳಿಗೂ ಒಂದು ಸುಳ್ಳಿಗೂ ಸಂಪೂರ್ಣ ಜವಾಬ್ದಾರಳಾದ,
ತಮ್ಮ ವಿಶ್ವಾಸಿ,
ಬೆರಿಲ್ ಪ್ರಾಸರ್

ತಾ.ಕ.: ತಮ್ಮ ಕಚೇರಿಯವರು ಆ ಮರ ಪ್ರಾಚೀನ ಪೆರಿ ಜಾತಿಯದೇ ಎಂಬುದಕ್ಕೆ ಪುರಾವೆ ಕೇಳಿದ್ದರಿಂದ ಇದರೊಂದಿಗೆ ಅದರ ಒಂದು ಹಣ್ಣನ್ನು ಲಗತ್ತಿಸಿದ್ದೇನೆ. ನೋಡಲು ಮುದ್ದಾಗಿದೆ, ಹಿಂಡಿ ಬ್ಯಾರಲ್ಲಿಗೆ ತುಂಬಿದರೆ ಅಮೃತ, ಹಾಗೇ ಕಚ್ಚಿದರೆ ಮಾತ್ರ ಒಗರಿಗೆ ನಾಲಗೆ ಮರಗಟ್ಟಿ, ತುಟಿ ಒಳಕ್ಕೆ ಎಳೆದುಕೊಂಡು, ಮುಕ್ಕಾಲು ಗಂಟೆ ಒಂದಕ್ಷರವೂ ಹೊರಡುವುದಿಲ್ಲ. ಯಂತ್ರಕ್ಕೆ ಕೈ ಹಚ್ಚುವ ಮೊದಲು ಮಿ. ಬೆವನ್ ತಮಗೆ ಫೋನ್ ಮಾಡಿ ತಮ್ಮ ಬಾಯಿಂದಲೇ ಅಪ್ಪಣೆ ಕೇಳಬೇಕೆಂಬುದು ತಮ್ಮದೇ ನಿಯಮವಂತೆ. ಮಂಗಳವಾರ ಏಳಕ್ಕೆ ಐದು ನಿಮಿಷವಿರುವಾಗ, ದಯವಿಟ್ಟು, ಹಣ್ಣನ್ನು ದೊಡ್ಡದಾಗಿ ಕಚ್ಚಿ ಚೆನ್ನಾಗಿ ಅಗಿಯಿರಿ.